ಸರೋಜತ್ತೆಯ ದ್ರಾಕ್ಷಿ ಕಾದಂಬರಿ

ಯಾರಾದರೂ ಅಳತೊಡಗಿದರೆ ನಮ್ಮ ಸರೋಜತ್ತೆ ಕನ್ನಡಕ ಹಾಕಿಕೊಳ್ಳುತ್ತಿದ್ದಳು, ಸರಿಯಾಗಿ ನೋಡಲಿಕ್ಕೆ. ಅಜ್ಜ ತೀರಿಕೊಂಡ ದಿನ, ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಅವ್ವನನ್ನು ಪಕ್ಕಕ್ಕೆ ಕರೆದು ಕೇಳಿದ್ದಳು: "ನೀ ಹತ್ರನೇ ಕುಂತಿದ್ದಿ. ಮೊದಲ ಯಾವುದು ತಣ್ಣಗಾತು, ಕಾಲೋ ಕೈಯೋ?" ಅವ್ವ ಉತ್ತರ ಕೊಟ್ಟಳು. ಅತ್ತೆಗೆ ಎಲ್ಲರೂ ಉತ್ತರ ಕೊಡುತ್ತಿದ್ದರು, ಕೇಳುವಾಗ ಅವಳ ದನಿ ಅಷ್ಟು ಮೆತ್ತಗಿರುತ್ತಿತ್ತು.

ಅಪ್ಪನ ಅಕ್ಕ ಅವಳು, ಮದುವೆಯಾಗಿರಲಿಲ್ಲ. ಭಾಲ್ಕಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಬೀದರಿನ ಚಿದ್ರಿಯಲ್ಲಿ ನಮ್ಮ ಮನೆಯ ಮಾಳಿಗೆ ಮೇಲಿನ ಖೋಲಿಯಲ್ಲಿ ಕಾದಂಬರಿ ಬರೆಯುತ್ತಿದ್ದಳು. ನನಗೆ ಓದುವ ಹುಚ್ಚು ಹಿಡಿಸಿದವಳು ಅವಳೇ. ಬಸ್ಸಿನಲ್ಲಿ ಕಂಡ ಜಗಳವನ್ನು ಸಂಜೆ ಎಲ್ಲರ ದನಿಯಲ್ಲೂ ಆಡಿ ತೋರಿಸುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ಜಗಳದಲ್ಲಿ ಪೆಟ್ಟು ತಿಂದವಳು ಆಮೇಲೇನಾದಳು ಎಂದು ಕೇಳಿದರೆ, "ನನ್ನ ಸ್ಟಾಪ್ ಬಂತು, ಇಳದೆ" ಎನ್ನುತ್ತಿದ್ದಳು.

ಮಳೆ ಕೈಕೊಟ್ಟ ವರ್ಷಗಳವು. ನಮ್ಮ ಜಿಲ್ಲೆಯ ಔರಾದ ಕಡೆಯ ಜನ ನಾಸಿಕದ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ಅತ್ತೆಗೆ ಅವರ ಮೇಲೊಂದು ಕಾದಂಬರಿ ಬರೆಯಬೇಕಿತ್ತು. ಒಬ್ಬಳೇ ಹೋದರೆ ಅವರು ಬಾಯಿ ಬಿಡುವುದಿಲ್ಲ, ಸಂಸಾರ ಜೊತೆಗಿದ್ದರೆ ನಂಬುತ್ತಾರೆ ಎಂದು, ಸಂಕ್ರಾಂತಿ ಕಳೆದ ಮೇಲೆ ಬಾಡಿಗೆ ಕಾರು ಮಾಡಿ ಅಪ್ಪ, ಅವ್ವ, ನನ್ನನ್ನು ಹೊರಡಿಸಿದಳು. "ರಜಾ ಸೂಟಿ ಅಂತ ತಿಳೀರಿ" ಎಂದಳು.

ವೈನ್ ಮಾಡುವ ತೋಟವೊಂದರ ನಡುವೆ ವಿಲ್ಲಾ, ಅದರ ಎದುರು ಈಜುಕೊಳ. ಚಿದ್ರಿಯಲ್ಲಿ ನೀರಿನ ಟ್ಯಾಂಕರಿಗೆ ಕಾದು ಕಾದು ಬಂದಿದ್ದ ಅವ್ವ ಮೊದಲ ಸಂಜೆಯೇ ಬಚ್ಚಲಿನ ಬಕೆಟ್ಟುಗಳನ್ನೆಲ್ಲ ತುಂಬಿಸಿಟ್ಟಳು. ಇಲ್ಲಿ ನಲ್ಲಿಯಲ್ಲಿ ನೀರು ನಿಲ್ಲುವುದೇ ಇಲ್ಲ ಎಂದು ಅತ್ತೆ ಹೇಳಲಿಲ್ಲ. ಬಾಗಿಲಲ್ಲಿ ನಿಂತು ನೋಡಿದಳು.

ನಮಗೆ ಅಡುಗೆ ಮಾಡಲು ಬಂದ ಕಮಲಾ ಔರಾದ ತಾಲೂಕಿನವಳು. ಹಗಲು ತೋಟದ ಕೆಲಸ ಮಾಡಿ ಸಂಜೆ ರೊಟ್ಟಿ ಬಡಿಯುತ್ತಿದ್ದಳು. ಹಾಸಿಗೆ ಹಿಡಿದ ತಾಯಿಯನ್ನು ಊರಲ್ಲಿ ಅಣ್ಣನ ಬಳಿ ಬಿಟ್ಟು ಬಂದಿದ್ದಳು. ಅತ್ತೆ ದಿನಾ ಒಲೆಯ ಬಳಿ ಕೂತು ಆ ತಾಯಿಯ ವಿಷಯವನ್ನೇ ಕೇಳುತ್ತಿದ್ದಳು. ನಮ್ಮ ಕಡೆಯವರು ಸಿಕ್ಕರೆಂದು ಕಮಲಾ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ವಿಲ್ಲಾದ ಫೋನ್ ನಂಬರನ್ನು ಅವಳ ಊರಿಗೆ ತಿಳಿಸಿದವಳೂ ಅತ್ತೆಯೇ.

ಒಂದು ಮುಂಜಾನೆ ಕೊಯ್ಲು ನೋಡಲು ಅತ್ತೆ ನಮ್ಮನ್ನೆಲ್ಲ ತೋಟಕ್ಕೆ ಕರೆದೊಯ್ದಳು. ಕಮಲಾ ಕತ್ತರಿ ಹಿಡಿದು ಬಳ್ಳಿಯ ಕೆಳಗೆ ನಿಂತಿದ್ದಳು. ಅತ್ತೆ ಅವಳೆದುರಿಗೆ ಹೋಗಿ, "ಕಮಲಾ, ನಿಮ್ಮಣ್ಣನ ಫೋನ್ ಬಂದಿತ್ತು. ನಿಮ್ಮವ್ವ ತೀರ್ಕೊಂಡಾಳ" ಎಂದಳು.

ಕಮಲಾ ಅಳಲಿಲ್ಲ. ಕೈಯಲ್ಲಿದ್ದ ಗೊಂಚಲನ್ನು ಕತ್ತರಿಸಿ ಕ್ರೇಟಿನಲ್ಲಿಟ್ಟಳು. ಅಂಟಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು: "ಬಸ್ ಎಲ್ಲಿ ಹತ್ತಬೇಕ್ರಿ, ಅಕ್ಕೋರೆ?"

ಔರಾದವರೆಗೂ ಕಾರಿನಲ್ಲೇ ಬಿಟ್ಟು ಬರುತ್ತೇನೆ ಎಂದ ಅಪ್ಪ. ಇಲ್ಲಿಯ ಕೆಲಸ ಇನ್ನೂ ಮುಗಿದಿಲ್ಲ, ಕಾರು ಬೇಕು ಎಂದಳು ಅತ್ತೆ. ಅಪ್ಪ ಕಮಲಾಳನ್ನು ನಾಸಿಕದ ಬಸ್ ನಿಲ್ದಾಣಕ್ಕೆ ಬಿಟ್ಟು ಬಂದಾಗ ವಿಲ್ಲಾದ ಕಾವಲುಗಾರ ಗೇಟಿನಲ್ಲಿ ಅವನನ್ನು ತಡೆದ. ಫೋನ್ ಬಂದದ್ದು ಹಿಂದಿನ ದಿನ ಬೆಳಿಗ್ಗೆ, ಆಗಲೇ ತಾನು ಅತ್ತೆಗೆ ಹೇಳಿದ್ದೆ ಎಂದ.

"ನಿನ್ನಿ ಯಾಕ ಹೇಳಲಿಲ್ಲ ಅಕ್ಕಾ?" ಅಪ್ಪ ಕೇಳಿದ.

"ನಿನ್ನಿ ಕೊಯ್ಲು ಇರಲಿಲ್ಲ. ಬಳ್ಳಿ ಕೆಳಗ ನಿಂತಾಗ ಅಕಿ ಈ ಮಾತು ಕೇಳಬೇಕಿತ್ತು. ಆದ್ರೂ ಅಳಲೇ ಇಲ್ಲ ನೋಡು" ಎಂದಳು. ಮೋಸ ಹೋದವಳ ಮುಖವಾಗಿತ್ತು ಅವಳದು.

ಮುಂದೆ ಕಚೇರಿ ಕೆಲಸಕ್ಕೆ ಔರಾದಿಗೆ ಹೋಗಿದ್ದ ಅಪ್ಪನಿಗೆ ಕಮಲಾಳ ಅಣ್ಣ ಸಿಕ್ಕಿದ್ದ. ತಂಗಿ ಬರುತ್ತಾಳೆಂದು ಕಾಯುವಷ್ಟು ಕಾದು, ಕೊನೆಗೆ ಮಣ್ಣು ಮಾಡಿದರಂತೆ. ಊರು ಮುಟ್ಟಿದ ಕಮಲಾ ಮೊದಲು ಕೇಳಿದ್ದು, ಫೋನ್ ಯಾವಾಗ ಮಾಡಿದ್ದಿರಿ ಎಂದು. ಉತ್ತರ ಕೇಳಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದಳಂತೆ.

ಕಾದಂಬರಿ ಬಂತು, ಹೆಸರೂ ಬಂತು. ಅದರಲ್ಲಿ ಕೂಲಿಯ ಹೆಂಗಸು ಬಳ್ಳಿಯ ಕೆಳಗೆ ಬಿದ್ದು ಹೊರಳಾಡಿ ಅಳುತ್ತಾಳೆ; ರಜೆಗೆಂದು ಬಂದ ಲೇಖಕಿಯೊಬ್ಬಳು ಅವಳನ್ನು ತನ್ನ ಕಾರಿನಲ್ಲೇ ಊರಿಗೆ ಕರೆದೊಯ್ದು ತಾಯಿಯ ಮುಖ ತೋರಿಸುತ್ತಾಳೆ. ಭಾಲ್ಕಿಯ ಸನ್ಮಾನ ಸಮಾರಂಭದಲ್ಲಿ ಒಬ್ಬ ಹೆಂಗಸು ಅತ್ತೆಯ ಕೈ ಹಿಡಿದು ಅತ್ತಳು. ಅವ್ವನ ಬಕೆಟ್ಟುಗಳೂ ಕಾದಂಬರಿಯಲ್ಲಿದ್ದವು. ಅಲ್ಲಿ ಅವನ್ನು ತುಂಬಿಸುವವಳು ಒಬ್ಬ ಅರೆಬುದ್ಧಿಯವಳು. ಓದಿದ ಮೇಲೆ ಅವ್ವ ಅತ್ತೆಗೆ ಊಟ ಕಳಿಸುವುದನ್ನು ನಿಲ್ಲಿಸಲಿಲ್ಲ, ತಾನು ಒಯ್ದು ಕೊಡುವುದನ್ನು ನಿಲ್ಲಿಸಿದಳು.

ಅತ್ತೆ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ನಾನು ಗಂಡನ ಮನೆ ಬಿಟ್ಟು ಬಂದಿದ್ದೆ. ಅವಳು ಮೇಲಕ್ಕೆ ಕರೆಸಿಕೊಂಡು, ಹಾಸಿಗೆಯ ಅಂಚಿನಲ್ಲಿ ಕೂರಿಸಿಕೊಂಡಳು. "ಅಂವ ಏನಂದ? ಮೊದಲಿಂದ ಹೇಳು."

ಹೇಳಿಬಿಡಬೇಕೆನಿಸಿತ್ತು. ಅವಳ ಹಾಗೆ ಕೇಳಿಸಿಕೊಳ್ಳುವವರು ನನಗೆ ಬೇರೆ ಯಾರೂ ಇರಲಿಲ್ಲ. "ಏನೂ ಆಗಿಲ್ಲತ್ತಿ. ಚಂದ ಇದ್ದೇವಿ" ಎಂದೆ.

"ಸುಳ್ಳು ಹೇಳಬ್ಯಾಡ. ನನಗ ಇನ್ನ ಬಾಳ ದಿನ ಇಲ್ಲ."

ಮಾತ್ರೆ ಕೊಟ್ಟು, ನೀರು ಕುಡಿಸಿ, ಹೊದಿಕೆ ಸರಿಮಾಡಿ ಎದ್ದೆ. ಒಂದು ಮಾತಾದರೂ ಹೇಳಿ ಹೋಗು ಎಂದು ಅವಳು ಬೇಡಿಕೊಳ್ಳುವುದು ಮೆಟ್ಟಿಲಿಳಿಯುವವರೆಗೂ ಕೇಳುತ್ತಿತ್ತು. ಆ ವಾರವೇ ಹೋದಳು. ನಾನು ಮತ್ತೆ ಮಾಳಿಗೆ ಹತ್ತಿರಲಿಲ್ಲ.