ಅಕ್ಕೋರು ಓದಿದ ಸುದ್ದಿ

ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಶಾಲೆಯ ಅಕ್ಕೋರೊಬ್ಬರು ತಮ್ಮ ಜೊತೆಗಾತಿ ನರ್ಸಮ್ಮನೊಂದಿಗೆ ಬಾಳುತ್ತಿದ್ದರು. ನರ್ಸಮ್ಮನ ಕಣ್ಣು ಮಂಜಾಗಿದ್ದರಿಂದ ದಿನಾ ಮುಂಜಾನೆ ಅಕ್ಕೋರು ಗಟ್ಟಿಯಾಗಿ ಪೇಪರ್ ಓದುತ್ತಿದ್ದರು. ಕಾಲುವೆಗೆ ನೀರು ಬಿಟ್ಟದ್ದು, ಹತ್ತಿಯ ಧಾರಣೆ, ಎಲ್ಲವೂ ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ಕೂಡಿ ಬಾಳಲು ಹೊರಟ ಸುದ್ದಿ ಬಂದರೆ ಮಾತ್ರ, "ಮುಂದಿಂದು ಕೇಳವ್ವ" ಎಂದು ಪುಟ ತಿರುವುತ್ತಿದ್ದರು. ಆಗ ಪೇಪರಿನವರು ಅಂಥವರನ್ನು 'ವಿಕೃತರು' ಎಂದೇ ಬರೆಯುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ, ಒಂದು ಮುಂಜಾನೆ ನಾನು ಮೊಸರು ಕೊಡಲು ಹೋದಾಗ ಅಕ್ಕೋರು ಅಂಥದೇ ಸುದ್ದಿ ಓದುತ್ತಿದ್ದರು. ನನ್ನನ್ನು ಕಂಡರೂ ದನಿ ತಗ್ಗಿಸಲಿಲ್ಲ.

"'ಸಂಗಾತಿಗಳು' ಅಂತ ಬರದಾರ ನೋಡು," ಎಂದರು.

"ಖರೇನ? ಇನ್ನೊಮ್ಮಿ ಓದು," ಎಂದರು ನರ್ಸಮ್ಮ.

ಅಕ್ಕೋರು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದತೊಡಗಿದರು. ನರ್ಸಮ್ಮ ನನ್ನೆದುರೇ ಅವರ ಕೈ ಹಿಡಿದುಕೊಂಡು ಕೇಳುತ್ತ ಕುಳಿತರು.