ವಾಪಸ್ ಕಟ್ಟಿದ ಕಂಬಳಿ ದುಡ್ಡು

ಸರ್ಕಾರಿ ಆಸ್ಪತ್ರೆಯಲ್ಲಿ ಹಿಂದೆ ಹೆಡ್ ನರ್ಸ್ ಆಗಿದ್ದ, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದವಳು, ವರ್ಷದ ಲೆಕ್ಕ ಮುಗಿಯುವ ವಾರ ಬಂತೆಂದರೆ ಉಳಿದ ಹಣಕ್ಕೆಲ್ಲ ಬಕೆಟ್ ಕೊಂಡುಬಿಡುತ್ತಿದ್ದಳು. ಉಗ್ರಾಣದಲ್ಲಿ ಮೂರು ತಲೆಮಾರಿಗಾಗುವಷ್ಟು ಬಕೆಟ್ ಇದ್ದವು. ಅವಳ ಕೈಕೆಳಗಿನ ನರ್ಸ್, ವಾರ್ಡಿನವರ ಬಾಯಲ್ಲಿ ಬರೀ ಅಕ್ಕ, ಬಿದ್ದು ಬಿದ್ದು ನಗುತ್ತಿದ್ದಳು.

"ನಗಬೇಡ ಕಣೇ. ಉಳಿಸಿಕೊಟ್ರೆ ಮೇಲಿನವರು ಬೆನ್ನು ತಟ್ತಾರೆ, ಆಮೇಲೆ ತಟ್ಟೇನೇ ಚಿಕ್ಕದು ಮಾಡ್ತಾರೆ," ಎಂದಿದ್ದಳು ದೊಡ್ಡಕ್ಕ.

ಅಕ್ಕನೇ ಹೆಡ್ ನರ್ಸ್ ಆದ ವರ್ಷ ಚಳಿ ಬೀಳಲಿಲ್ಲ. ಹೊಸ ಕಂಬಳಿ ಬೇಕಾಗದೆ ವಾರ್ಡಿನ ಹಣದಲ್ಲಿ ಅರ್ಧ ಉಳಿಯಿತು. ಜನರ ದುಡ್ಡು, ಪೋಲಾಗಬಾರದೆಂದು ಎದೆಯುಬ್ಬಿಸಿ ವಾಪಸ್ ಕಟ್ಟಿದಳು. ಮರುವರ್ಷ ಬಂದದ್ದು ಅರ್ಧವೇ. ಓಡಿಹೋಗಿ ಕೇಳಿದರೆ ಮೇಲಿನ ಕಚೇರಿಯ ಗುಮಾಸ್ತ ತಲೆಯನ್ನೂ ಎತ್ತಲಿಲ್ಲ.

"ಹೋದ ವರ್ಷ ಅಷ್ಟರಲ್ಲೇ ಆಯ್ತಲ್ಲ ಮೇಡಂ. ಒಂದ್ಸಲ ಇಳಿದಿದ್ದು ಮತ್ತೆ ಏರಲ್ಲ."

ಆ ವರ್ಷ ಹಲ್ಲು ಕಟಕಟ ಎನ್ನುವ ಚಳಿ. ಆಮೇಲೆ ವರ್ಷ ವರ್ಷವೂ ಅಕ್ಕ ಎಷ್ಟು ಗೋಗರೆದರೂ ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಹರಿದ ಕಂಬಳಿಗೆ ಬದಲಿ ಬರಲೇ ಇಲ್ಲ.

ಅವಳ ನಿವೃತ್ತಿಯ ದಿನ ದೊಡ್ಡ ಅಧಿಕಾರಿ ಬಾಯ್ತುಂಬ ಹೊಗಳಿದ: "ಸರ್ಕಾರದ ದುಡ್ಡು ಉಳಿಸಿಕೊಟ್ಟ ಪುಣ್ಯಾತ್ಗಿತ್ತಿ ಇವರು!" ಚಪ್ಪಾಳೆ ಬೀಳುತ್ತಿದ್ದಂತೆ ಅಕ್ಕ ಎದ್ದು ವಾರ್ಡಿಗೆ ಹೋದಳು. ಅಲ್ಲಿ ಎರಡು ಮಂಚ ಜೋಡಿಸಿ, ಇಬ್ಬರು ಮುದುಕಿಯರು ಒಂದೇ ಕಂಬಳಿಯೊಳಗೆ ಮುದುಡಿ ಮಲಗಿದ್ದರು.

"ಇನ್ನೊಂದು ಕಂಬಳಿ ಸಿಗುತ್ತಾ ತಾಯಿ?" ಎಂದಳು ಒಬ್ಬಳು.

ಅಕ್ಕ ಹೋಗಿ ಉಗ್ರಾಣದ ಬಾಗಿಲು ತೆಗೆದಳು. ಅಲ್ಲಿ ಈಗಲೂ ದಂಡಿಯಾಗಿ ಇದ್ದದ್ದು ದೊಡ್ಡಕ್ಕನ ಬಕೆಟ್‌ಗಳು ಮಾತ್ರ.