ರಾಜ ಸುಮ್ಮನೆ ನಿಂತ ಹೊತ್ತು

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಎಂದರೆ ೧೯೮೧ನೆಯ ಇಸವಿಯಲ್ಲಿ, ನನಗೆ ಹದಿನಾಲ್ಕು ವರ್ಷ. ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆ. ನಮ್ಮೂರು ಅರಕಲಗೂಡು ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿ. ಅಲ್ಲಿ ಹೈಸ್ಕೂಲು ಇರಲಿಲ್ಲವಾದ್ದರಿಂದ ಪೇಟೆಯಲ್ಲಿದ್ದ ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದೆ. ಪೇಟೆಗೆ ಬಂದ ಮೊದಲ ವರ್ಷ ನನ್ನ ಹಳ್ಳಿಯ ಮಾತನ್ನು ಕೇಳಿ ಹುಡುಗರು ನಕ್ಕಿದ್ದರು. ಅಂದಿನಿಂದ ನಾನು ಹಟ ಹಿಡಿದು ಪುಸ್ತಕದ ಕನ್ನಡವನ್ನೇ ಆಡತೊಡಗಿದೆ. ಹಕಾರ ಇರುವ ಕಡೆ ಹಕಾರ, ಒತ್ತಕ್ಷರ ಇರುವ ಕಡೆ ಒತ್ತಕ್ಷರ. ತರಗತಿಯಲ್ಲಿ ನನ್ನಷ್ಟು ಶುದ್ಧವಾಗಿ ಓದುವವರು ಯಾರೂ ಇಲ್ಲವೆಂದು ಕನ್ನಡ ಮೇಷ್ಟ್ರು ಹೇಳಿದ್ದರು; ಆ ಮಾತನ್ನು ನಾನು ಎಂದೂ ಮರೆತವನಲ್ಲ.

ವರ್ಷದ ಕೊನೆಯ ವಾರಗಳಲ್ಲಿ ನಮ್ಮ ಶಾಲೆಗೆ ಬೇರೆಯೇ ಒಂದು ವಾಸನೆ ಬರುತ್ತಿತ್ತು. ಹುಡುಗರು ತೊಂಡೆ ಸೊಪ್ಪನ್ನು ಇದ್ದಿಲಿನ ಜೊತೆ ಅರೆದು ಕಪ್ಪು ಹಲಗೆಗಳಿಗೆ ಬಳಿಯುತ್ತಿದ್ದರು. ಹುಡುಗಿಯರು ಬೆಂಚುಗಳನ್ನು ಅಂಗಳಕ್ಕೆ ತಂದು ತೆಂಗಿನ ನಾರಿನಿಂದ ಉಜ್ಜಿ ತೊಳೆಯುತ್ತಿದ್ದರು. ಹಸಿ ಮರದ ವಾಸನೆ, ಸೊಪ್ಪಿನ ವಾಸನೆ, ಬಿಸಿಲಿಗೆ ಕಾದ ಮಣ್ಣಿನ ವಾಸನೆ ಎಲ್ಲವೂ ಬೆರೆತು, ಪಾಠದ ದಿನಗಳು ಮುಗಿದವೆಂದು ಮೂಗೇ ನಮಗೆ ತಿಳಿಸುತ್ತಿತ್ತು. ಹತ್ತನೆಯ ತರಗತಿಯವರನ್ನು ಬೀಳ್ಕೊಡುವ ದಿನ ಒಂಬತ್ತನೆಯ ತರಗತಿಯ ಎರಡು ವಿಭಾಗದವರೂ ಒಂದೊಂದು ನಾಟಕ ಆಡಬೇಕೆಂಬುದು ನಮ್ಮಲ್ಲಿದ್ದ ರೂಢಿ. ಗೆದ್ದ ವಿಭಾಗದವರಿಗೆ ಹಾಸನದ ದೊಡ್ಡ ರಂಗಮಂದಿರದಲ್ಲಿ ಆಡುವ ಅವಕಾಶ. ಹಾಸನವನ್ನು ನಾನು ಆವರೆಗೆ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ.

ನಮ್ಮ ವಿಭಾಗದ ನಾಟಕವನ್ನು ಕನ್ನಡ ಮೇಷ್ಟ್ರೇ ಬರೆದಿದ್ದರು. ಬರಗಾಲದಲ್ಲಿ ಒಬ್ಬ ರಾಜ ಪ್ರಜೆಗಳ ಜೊತೆ ನಿಂತು ಕೆರೆ ಕಟ್ಟಿಸುತ್ತಾನೆ. ಮೊದಲ ಮಳೆಗೇ ಅದರ ಏರಿ ಒಡೆದುಹೋಗುತ್ತದೆ. ದೂತ ಓಡಿ ಬಂದು ಸುದ್ದಿ ಹೇಳುತ್ತಾನೆ. ರಾಜ ಬಹಳ ಹೊತ್ತು ಮಾತಾಡುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ. ಆಮೇಲೆ ಕಿರೀಟವನ್ನು ತೆಗೆದು ನೆಲದ ಮೇಲಿಟ್ಟು, "ಏರಿಯನ್ನು ಮತ್ತೆ ಕಟ್ಟೋಣ. ಮೊದಲ ಬುಟ್ಟಿ ಮಣ್ಣನ್ನು ನಾನು ಹೊರುತ್ತೇನೆ" ಎನ್ನುತ್ತಾನೆ. ಅಲ್ಲಿಗೆ ನಾಟಕ ಮುಗಿಯುತ್ತದೆ. ರಾಜನ ಪಾತ್ರ ನನ್ನದಾಗಿತ್ತು.

"ಮಾತು ಯಾರು ಬೇಕಾದರೂ ಆಡ್ತಾರೆ ಕಣಯ್ಯಾ," ಎನ್ನುತ್ತಿದ್ದರು ಮೇಷ್ಟ್ರು. "ಸುಮ್ಮನೆ ನಿಲ್ಲೋದು ಕಷ್ಟ. ಜನಕ್ಕೆ ಇನ್ನು ತಡೆಯೋಕಾಗಲ್ಲ ಅನ್ನಿಸೋವರೆಗೂ ಬಾಯಿ ಬಿಡಬೇಡ."

ನನ್ನ ಮುಂದೆ ಮಂಡಿಯೂರಿ ಕೂರಬೇಕಾಗಿದ್ದ ದೂತನಿಗೆ ಈ ಮೌನ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. "ಬೇಗ ಬಾಯ್ ಬುಡ್ಲಾ ಮಾರಾಜ. ಏರಿ ಒಡ್ದೋಗದೆ ಅಂತ ನನ್ ಮಂಡಿನೂ ಒಡ್ಕೊಬೇಕಾ?" ಎಂದು ಅಭ್ಯಾಸದ ವೇಳೆ ಪಿಸುಗುಟ್ಟುತ್ತಿದ್ದ. ನಾನು ನಗದೆ ನಿಲ್ಲುವುದನ್ನು ಅವನಿಂದಲೇ ಕಲಿತೆ.

ಇನ್ನು ಅಪ್ಪನ ವಿಷಯ. ಅಪ್ಪ ಆಲೂಗಡ್ಡೆ, ರಾಗಿ ಬೆಳೆಯುವ ರೈತ. ಆದರೆ ಸುತ್ತಲ ಹಳ್ಳಿಗಳವರಿಗೆ ಅವರು ಗೊತ್ತಿದ್ದದ್ದು ನಾಟಕದಿಂದ. ಪ್ರತಿ ಬೇಸಗೆಯಲ್ಲೂ ನಮ್ಮೂರಿನವರು ಒಂದು ಪೌರಾಣಿಕ ನಾಟಕ ಆಡುತ್ತಿದ್ದರು. ಚನ್ನರಾಯಪಟ್ಟಣದ ಕಡೆಯ ಹಾರ್ಮೋನಿಯಂ ಮೇಷ್ಟ್ರೊಬ್ಬರು ನಮ್ಮೂರಲ್ಲೇ ಉಳಿದು ಕಲಿಸುತ್ತಿದ್ದರು. ದೊಡ್ಡ ಪಾತ್ರ ಯಾವಾಗಲೂ ಅಪ್ಪನದೇ. ಅವರು ಸ್ವರ ಎತ್ತಿದರೆ ಕೆರೆಯ ಆಚೆ ದಡದಲ್ಲಿ ಎಮ್ಮೆ ಮೇಯಿಸುವವರೂ ತಿರುಗಿ ನೋಡುತ್ತಿದ್ದರು.

ಆ ನಾಟಕಗಳಲ್ಲಿ ಮುಯ್ಯಿ ಮಾಡುವುದೆಂಬ ಒಂದು ಪದ್ಧತಿ ಇತ್ತು. ಪಾತ್ರಧಾರಿಯ ನೆಂಟರು ಆಟದ ನಡುವೆಯೇ ಹಾರ ಹಿಡಿದು ಅಟ್ಟ, ಎಂದರೆ ನಾಟಕದ ವೇದಿಕೆ, ಹತ್ತುತ್ತಿದ್ದರು. ಆಟ ನಿಲ್ಲುತ್ತಿತ್ತು. ಹಾರ ಹಾಕಿ, ಹೊಸ ಟವೆಲ್ಲು ಹೊದಿಸಿ, ಮೈಕಿನಲ್ಲಿ ಹೆಸರು ಹೇಳಿಸಿ ಇಳಿದ ಮೇಲೆ ಆಟ ಮುಂದುವರಿಯುತ್ತಿತ್ತು. ಊರಿನಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಆದರೆ ಶಾಲೆಯಲ್ಲಿ ಹೀಗಾದರೆ ನನ್ನ ಗತಿ ಏನು ಎಂಬ ಹೆದರಿಕೆ ನನಗಿತ್ತು.

ಅಂದು ಬೆಳಗ್ಗೆ ಅಪ್ಪ ಬಿಳಿ ಪಂಚೆ ಉಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕನಕಾಂಬರ, ಮರುಗದ ಹಾರ ಹಿಡಿದು ಅಕ್ಕನ ಮನೆಗೆ ಬಂದೇಬಿಟ್ಟರು. ಅಡುಗೆಮನೆಗೆಲ್ಲ ಮರುಗದ ಪರಿಮಳ ಹರಡಿತು. ನಾನು ಅಕ್ಕನನ್ನು ಹಿತ್ತಲಿಗೆ ಕರೆದು, "ಅಪ್ಪ ವೇದಿಕೆಯನ್ನು ಹತ್ತದಂತೆ ನೀನೇ ನೋಡಿಕೊಳ್ಳಬೇಕು" ಎಂದೆ.

"ವೇದಿಕೆಯಂತೆ," ಅಕ್ಕ ನಕ್ಕಳು. "ಅಟ್ಟ ಅನ್ನಕೆ ನಾಲ್ಗೆ ತಿರುಗಾಕಿಲ್ವಾ ನಿಂಗೆ? ಆಯ್ತು ಬುಡು, ಯೋಳ್ತೀನಿ."

ಹೇಳಿಯೂ ಹೇಳಿದಳು. ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಅಷ್ಟೂ ಗೊತ್ತಾಗಾಕಿಲ್ವೇನವ್ವಾ ನಂಗೆ? ಆಟ ಮುಗುದ್ಮೇಲೆ ಕೊಡ್ತೀನಿ. ನಡುಮದ್ಯ ಅತ್ತಾಕಿಲ್ಲ" ಎಂದರು. ಅವರು ಮಾತು ಕೊಟ್ಟರೆ ತಪ್ಪುವವರಲ್ಲ. ನಾನು ನಿಶ್ಚಿಂತನಾಗಿ ಶಾಲೆಗೆ ಹೊರಟೆ.

ಬಿಸಿಲು ಇಳಿಯತೊಡಗಿದ ಮೇಲೆ ಕಾರ್ಯಕ್ರಮ ಶುರುವಾಯಿತು. ಮೇಜುಗಳನ್ನು ಜೋಡಿಸಿ ಕಟ್ಟಿದ ವೇದಿಕೆ, ಮೇಲೆ ಹಗ್ಗದಲ್ಲಿ ಇಳಿಬಿಟ್ಟಿದ್ದ ಒಂದೇ ಮೈಕು. ಹಿಂದಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ನನಗೆ ಅಕ್ಕನ ಧಾರೆ ಸೀರೆಯನ್ನು ಕಚ್ಚೆ ಹಾಕಿ ಉಡಿಸಿ, ಕಾಡಿಗೆಯಲ್ಲಿ ಮೀಸೆ ಬರೆದಿದ್ದರು. ಮುಂದಿನ ಸಾಲಿನಲ್ಲಿ ಹಾಸನದಿಂದ ಬಂದಿದ್ದ ಅತಿಥಿಗಳು, ಅವರ ಪಕ್ಕದಲ್ಲಿ ಹೆಡ್ ಮೇಷ್ಟ್ರು. ತೀರ್ಪು ಆ ಅತಿಥಿಗಳದೇ. ಇನ್ನೊಂದು ವಿಭಾಗದವರ ನಾಟಕ ಮೊದಲು ನಡೆಯಿತು. ಇಬ್ಬರು ಮಾತು ಮರೆತು ತಡವರಿಸಿದರು. ನಮ್ಮದು ಶುರುವಾದಾಗ ಮಾತುಗಳೆಲ್ಲ ನೀರಿನಂತೆ ಹರಿದವು. ಅತಿಥಿಗಳು ಮುಂದಕ್ಕೆ ಬಾಗಿ ಕೇಳುತ್ತಿದ್ದುದನ್ನು ನಾನು ಓರೆಗಣ್ಣಿನಿಂದ ಕಂಡೆ. ಹಾಸನ ನನಗೆ ಬಹಳ ಹತ್ತಿರ ಬಂದಿತ್ತು.

ದೂತ ಬಂದ. ಮಂಡಿಯೂರಿ ಸುದ್ದಿ ಹೇಳಿದ. ನಾನು ಮೌನವಾದೆ. ಬೇಲಿಯ ಆಚೆ ಗಾಡಿಯೊಂದರ ಗಾಲಿ ಕಿರುಗುಟ್ಟಿದ್ದು ಕೇಳಿಸಿತು. ಮುಂದೆ ಕುಳಿತ ಸಣ್ಣ ಮಕ್ಕಳೂ ಅಲುಗಾಡಲಿಲ್ಲ. ಅಂಥ ಮೌನವನ್ನು ನಾನು ಅಭ್ಯಾಸದಲ್ಲಿ ಒಮ್ಮೆಯೂ ಸಾಧಿಸಿರಲಿಲ್ಲ. ಇನ್ನೇನು ಕಿರೀಟಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಮೇಜು ಕಿರ್ರೆಂದಿತು. ಮರುಗದ ವಾಸನೆ ಬಂತು. ಅಪ್ಪ ನನ್ನ ಎದುರಿಗೆ ನಿಂತಿದ್ದರು.

ಹಾರವನ್ನು ನನ್ನ ಕೊರಳಿಗೆ ಹಾಕುತ್ತ, ಕಿವಿಯ ಬಳಿ ಬಾಯಿ ತಂದು ಹೇಳಿದರು: "ಎದರ್ಕೋಬ್ಯಾಡ ಕಣ್ ಮಗ. ಮಾತು ನೆಪ್ಪು ಮಾಡ್ಕೋ. ವಸಿ ವತ್ತು ನಾನು ತಳ್ತೀನಿ."

ಅವರು ಬಂದದ್ದು ಏಕೆಂದು ನನಗೆ ಆ ಕ್ಷಣವೇ ತಿಳಿಯಿತು. ನಮ್ಮೂರ ನಾಟಕದಲ್ಲಿ ಅಟ್ಟದ ಮೇಲೆ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ನಿಂತರೆ ಮಾತು ಮರೆತಿದ್ದಾರೆಂದೇ ಅರ್ಥ. ಆಗ ಅವರ ಕಡೆಯವರು ಯಾರಾದರೂ ಹಾರ ಹಿಡಿದು ಮೇಲೆ ಓಡುತ್ತಾರೆ. ಹಾರ, ಟವೆಲ್ಲು, ಚಪ್ಪಾಳೆ ಎಂದು ಗದ್ದಲವಾಗುವಷ್ಟರಲ್ಲಿ ಪಾತ್ರಧಾರಿ ಪರದೆಯ ಹಿಂದಿನಿಂದ ಮಾತು ಕೇಳಿಕೊಂಡುಬಿಡುತ್ತಾನೆ. ಜನಕ್ಕೆ ಅವನ ಮರೆವು ಗೊತ್ತಾಗುವುದೇ ಇಲ್ಲ. ಕೊಟ್ಟ ಮಾತನ್ನು ಮುರಿದು ಅಪ್ಪ ಮೇಲೆ ಬಂದದ್ದು ನನ್ನ ಮಾನ ಉಳಿಸುವುದಕ್ಕಾಗಿ.

ಅದು ತಿಳಿದೂ ನಾನು ಏನು ಮಾಡಿದೆ ಗೊತ್ತೆ? ಕೆಳಗೆ ಯಾರೋ ಕಿಸಕ್ಕೆಂದು ನಕ್ಕರು. ಅತಿಥಿಗಳು ಕರವಸ್ತ್ರವನ್ನು ಬಾಯಿಗೆ ಹಿಡಿದರು. ನನ್ನ ಕಿವಿ ಸುಡತೊಡಗಿತು. "ಅಪ್ಪ, ನಾನು ಮರೆತಿರಲಿಲ್ಲ. ಈ ಮೌನ ನಾಟಕದಲ್ಲೇ ಇದೆ. ನಿನಗೆ ಇದೆಲ್ಲ ತಿಳಿಯುವುದಿಲ್ಲ" ಎಂದೆ. ಅಪ್ಪನಿಗೆ ಮಾತ್ರ ಕೇಳಲೆಂದು ಆಡಿದ ಮಾತಲ್ಲ ಅದು. ಮೈಕು ನನ್ನ ತಲೆಯ ಮೇಲೇ ಇತ್ತು. ಒಂದು ಅಕ್ಷರವೂ ತಪ್ಪದೆ, ಇಡೀ ಮೈದಾನಕ್ಕೆ ಕೇಳಿಸಿತು.

ಆಗ ಎದ್ದ ನಗೆ ಬೇರೆಯದೇ ಆಗಿತ್ತು. ಹೆಡ್ ಮೇಷ್ಟ್ರು ಎದ್ದು ನಿಂತು, "ಯಾರಯ್ಯ ಅದು? ಇಳಿ ಕೆಳಗೆ. ಇದು ಶಾಲೆ, ನಿಮ್ಮ ಹಳ್ಳಿ ನಾಟಕ ಅಲ್ಲ" ಎಂದರು. ಅಪ್ಪನ ಕೈಯಲ್ಲಿ ಬಿಚ್ಚದ ಹೊಸ ಟವೆಲ್ಲು ಹಾಗೇ ಇತ್ತು. ಕೆರೆಯ ಆಚೆ ದಡಕ್ಕೆ ಕೇಳಿಸುವ ಕಂಠದವರು, "ತಪ್ಪಾಯ್ತು ಸಾ" ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಮೇಜಿನ ಅಂಚನ್ನು ಕಾಲಿನಿಂದ ತಡಕುತ್ತ, ಹಿಂದುಹಿಂದಕ್ಕೆ ಇಳಿದರು. ನಾನು ಕಿರೀಟ ತೆಗೆದಿಟ್ಟು ಕೊನೆಯ ಮಾತನ್ನು ಆಡಿದೆ. ನಗುವಿನಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಹಾಸನಕ್ಕೆ ಹೋಗುವ ಅವಕಾಶ ಇನ್ನೊಂದು ವಿಭಾಗಕ್ಕೆ ಸಿಕ್ಕಿತು. "ಬಣ್ಣ ತೊಳ್ಕೊ ಹೋಗು" ಎಂದಷ್ಟೇ ಹೇಳಿ ಕನ್ನಡ ಮೇಷ್ಟ್ರು ಮುಖ ತಿರುಗಿಸಿದರು. ಕೈಯಲ್ಲಿ ಉಪ್ಪಿಟ್ಟು ಹಿಡಿದ ಹುಡುಗರು, "ಏನ್ಲಾ ಮಾರಾಜ, ಪರೀಕ್ಸೆಲಿ ನೀನು ಸುಮ್ಕೆ ಕುಂತ್ರೂ ನಿಮ್ಮಪ್ಪ ಆರ ತಕಂಡ್ ಬತ್ತಾರಾ?" ಎಂದು ಸುತ್ತುವರಿದರು. ದೂತನೊಬ್ಬನೇ ನನ್ನನ್ನು ಅಣಕಿಸಲಿಲ್ಲ. ಅವನು, "ನಿಮ್ಮಪ್ಪ ಒಂಟೋದ್ರು ಕಣೋ, ಏನೂ ತಿನ್ನಿಲ್ಲ" ಎಂದ. ಅಷ್ಟು ಹೊತ್ತು ನನಗಾಗಿದ್ದದ್ದು ಅಪ್ಪನಿಂದಾದ ನಾಚಿಕೆ. ಅವನ ಮಾತು ಕೇಳಿದ ಮೇಲೆ ಆದದ್ದು ನನ್ನಿಂದಲೇ ನನಗಾದ ನಾಚಿಕೆ. ಮೊದಲನೆಯದು ಬೇಗ ಆರಿತು.

ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ, ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಸಂಜೆಯಾಗುತ್ತಲೇ ದೇವಸ್ಥಾನದ ಜಗಲಿಯಿಂದ ಹಾರ್ಮೋನಿಯಂ ಕೇಳಿಸಿತು. ಅಪ್ಪ ಏಳಲಿಲ್ಲ. ಕೊಟ್ಟಿಗೆಯ ಮುಂದೆ ಕುಳಿತು ಹಗ್ಗ ಹೊಸೆಯುತ್ತಲೇ ಇದ್ದರು. ಆ ಬೇಸಗೆಯ ನಾಟಕದ ತಮ್ಮ ಪಾತ್ರವನ್ನು ಹಾರ್ಮೋನಿಯಂ ಮೇಷ್ಟ್ರಿಗೆ ಹಿಂದಕ್ಕೆ ಒಪ್ಪಿಸಿಬಿಟ್ಟಿದ್ದರಂತೆ. ಜಗಲಿಯ ಕಡೆಗೆ ಹೋಗುತ್ತಿದ್ದ ಚಿಕ್ಕಪ್ಪ, "ಯಾಕಣ್ಣ, ಅಟ್ಟ ಅತ್ತಕ್ಕೆ ಮಗಂದು ಅಪ್ಪಣೆ ಆಗ್ನಿಲ್ವಾ?" ಎಂದು ಕೂಗಿ ನಕ್ಕರು.

ಅಪ್ಪ ತಲೆಯೆತ್ತದೆ, "ನಂಗೆ ಆಟ ತಿಳ್ಯಾಕಿಲ್ಲ ಕಣಪ್ಪ. ತಿಳ್ದೋರು ಮಾಡ್ಲಿ" ಎಂದರು.

ನಾನು ಮೈಕಿನಲ್ಲಿ ಆಡಿದ ಮಾತೇ ಅದು. ಅವರ ಬಾಯಿಂದ ಕೇಳಿದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಜಗಲಿಗೆ ಓಡಿದೆ. ಅಪ್ಪನ ಪಾತ್ರವನ್ನು ಕಲಿಯುತ್ತಿದ್ದವನು ಅಪಸ್ವರದಲ್ಲಿ ಹಾಡುತ್ತಿದ್ದ. ಹಾರ್ಮೋನಿಯಂ ಮೇಷ್ಟ್ರು ಕಣ್ಣು ಮುಚ್ಚಿ ಸಹಿಸಿಕೊಳ್ಳುತ್ತಿದ್ದರು. ಊರಿನ ಅರ್ಧ ಜನ ಅಲ್ಲಿದ್ದರು. ನಾನು ನಡುವೆ ನಿಂತು ಹೇಳಿದೆ: "ಅವತ್ತು ಇಸ್ಕೂಲಲ್ಲಿ ನಂಗೆ ಮಾತು ಮರ್ತೋಗಿತ್ತು. ಅಪ್ಪ ಬಂದಿದ್ಕೇ ನೆಪ್ಪಾಯ್ತು. ನಾಚ್ಕೆ ಆಗಿ ಸುಳ್ಳು ಯೋಳ್ದೆ."

ಹಾರ್ಮೋನಿಯಂ ಮೇಷ್ಟ್ರು ಕಣ್ಣು ತೆರೆದರು. ಆಮೇಲೆ ಚಿಕ್ಕಪ್ಪ, "ಓದಿ ಓದಿ ಮಂಡೆ ತೂತಾಗದೆ ಕಣ್ರಪ್ಪೋ, ಎಲ್ಲಾ ಸೋರೋಗದೆ" ಎಂದರು. ಜಗಲಿಯೆಲ್ಲ ನಕ್ಕಿತು. ಆ ಬೇಸಗೆ ಪೂರ್ತಿ ಊರಿನಲ್ಲಿ ನನ್ನ ಹೆಸರು ಮರ್ತರಾಜ ಎಂದೇ ಆಯಿತು. ಅದುವರೆಗೆ ಒಂದು ಪದವನ್ನೂ ಮರೆಯದಿದ್ದವನಿಗೆ ಆ ಹೆಸರು ಎಷ್ಟು ಚುಚ್ಚುತ್ತಿತ್ತೆಂದು ನೀವೇ ಊಹಿಸಿ. ಆದರೂ ನಾನು ಅದನ್ನು ತಿದ್ದಲಿಲ್ಲ.

ಮನೆಗೆ ಬರುವಷ್ಟರಲ್ಲಿ ಯಾರೋ ಓಡಿಬಂದು ಅಪ್ಪನಿಗೆ ಹೇಳಿದ್ದರು. ಅಪ್ಪ ಹಗ್ಗ ಬಿಟ್ಟು ನನ್ನನ್ನೇ ನೋಡಿದರು.

"ದಿಟವಾ?"

"ದಿಟ ಅಪ್ಪ."

ಮೋಡ ಕಂಡಾಗ ಮಳೆ ಬರುತ್ತದೋ ಇಲ್ಲವೋ ಎಂದು ನೋಡುವ ಹಾಗೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಆದರೆ ಕೈಗೆ ಅಂಟಿದ್ದ ನಾರನ್ನು ಒರೆಸಿಕೊಂಡು, "ಬಾ, ನೀನೂ ಕೇಳೀವಂತೆ" ಎಂದು ಎದ್ದರು.

ಮಕ್ಕಳೇ, ಮೊನ್ನೆ ಹಾಸನದಲ್ಲಿ ನಡೆದ ನಿಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೂ ಪಾಸು ತೋರಿಸಿ ಒಳಗೆ ಬಂದು ಕುಳಿತಿದ್ದೆ. ಬಣ್ಣಬಣ್ಣದ ದೀಪಗಳು, ಆಳೆತ್ತರದ ಪರದೆ. ನಿಮ್ಮ ಮಾತುಗಳನ್ನೆಲ್ಲ ಮೊದಲೇ ಧ್ವನಿಮುದ್ರಿಸಿಟ್ಟಿದ್ದರು. ಅದು ಓಡುತ್ತಿತ್ತು, ನೀವು ತುಟಿಯಾಡಿಸುತ್ತಿದ್ದಿರಿ. ಮರೆಯುವ ಭಯವೇ ನಿಮಗಿಲ್ಲ, ಅದು ಒಳ್ಳೆಯದೇ. ನಿಮ್ಮ ಅಪ್ಪ ಅಮ್ಮಂದಿರು ಕುರ್ಚಿಯಲ್ಲೇ ಕುಳಿತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಯಾರೂ ವೇದಿಕೆಗೆ ಓಡಬೇಕಾದ ಅಗತ್ಯ ಬರಲಿಲ್ಲ. ನಮ್ಮ ಕಾಲದಲ್ಲಿ ಮರೆವಿಗೆ ಮದ್ದಾಗಿ ಇದ್ದದ್ದು ಕೆಳಗೆ ಕುಳಿತ ನಮ್ಮವರು ಮಾತ್ರ. ಅವರು ಎದೆ ಹಿಡಿದುಕೊಂಡು ನಾಟಕ ನೋಡುತ್ತಿದ್ದರು.

ಸುಳ್ಳು ಹೇಳಬಾರದೆಂದು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಗಳಲ್ಲಿ ಪಾಠ ಹೇಳಿದವನು ನಾನು. ಆದರೆ ನನ್ನನ್ನು ಇಂದಿಗೂ ನಾಚಿಸುವುದು ಜಗಲಿಯಲ್ಲಿ ಹೇಳಿದ ಸುಳ್ಳಲ್ಲ, ಮೈಕಿನಲ್ಲಿ ಹೇಳಿದ ನಿಜ. ಅಪ್ಪನ ಮಟ್ಟಿಗೆ ಆ ವಿಷಯ ಇತ್ಯರ್ಥವಾದದ್ದು ಅವರು ಮತ್ತೆ ಹಾರ್ಮೋನಿಯಂ ಪಕ್ಕದಲ್ಲಿ ಕುಳಿತು ಸ್ವರ ಎತ್ತಿದ ಸಂಜೆ: ೧೯೮೧ನೆಯ ಇಸವಿ, ಏಪ್ರಿಲ್ ಹನ್ನೆರಡು, ಭಾನುವಾರ.